ಕೀಡಾ ಜಡಿ ಬೇರೆ, ಬಾಟಲಿಯ ಕೇಸರಿ ಅಣಬೆ ಬೇರೆ

ಪುಣೆಯಲ್ಲಿ ಕಾರ್ಡಿಸೆಪ್ಸ್ ಎನ್ನುವ ಹೆಸರು ಈಗ ತುಂಬ ಓಡಾಡುತ್ತಿದೆ. ಮೋಶಿ, ವಾಘೋಲಿ, ಚಾಕಣ ಕಡೆ ಫ್ಲ್ಯಾಟಿನ ಒಂದು ರೂಮಿಗೆ ಎಸಿ ಹಾಕಿಸಿ, ಕಬ್ಬಿಣದ ರ‍್ಯಾಕ್ ನಿಲ್ಲಿಸಿ, ಗಾಜಿನ ಬಾಟಲಿಗಳಲ್ಲಿ ಈ ಅಣಬೆ ಬೆಳೆಯುವವರು ಸಿಗುತ್ತಾರೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದ ನಮ್ಮವರಲ್ಲೂ ಕೆಲವರು, ಕಂಪನಿ ಕೆಲಸ ಬಿಟ್ಟು ಊರಿಗೆ ಹೋಗಿ ಇದನ್ನೇ ಮಾಡಿದರೆ ಹೇಗೆ ಅಂತ ಲೆಕ್ಕ ಹಾಕುತ್ತಿದ್ದಾರೆ. ಇನ್ನು ಕೆಲವರ ಮನೆಗೆ ಇದು ಬೇರೆ ದಾರಿಯಿಂದ ಬಂದಿದೆ. ಹಿರಿಯರಿಗೆ ಕಿಡ್ನಿ ಕಾಯಿಲೆಯೋ ಕ್ಯಾನ್ಸರೋ ಬಂತು ಅಂದರೆ ಸಾಕು, ನೋಡಲು ಬಂದ ನೆಂಟರಲ್ಲಿ ಒಬ್ಬರು "ಹಿಮಾಲಯದ ಕೀಡಾ ಜಡಿ, ಕೊಟ್ಟು ನೋಡಿ" ಅಂತ ಒಂದು ಡಬ್ಬಿ ಇಟ್ಟು ಹೋಗುತ್ತಾರೆ.

ನಾನು ಓದಿದ್ದು ಮೈಕ್ರೊಬಯಾಲಜಿ, ಕೆಲಸವೂ ಲ್ಯಾಬಿನಲ್ಲೇ. ಹಾಗಾಗಿ ಎರಡೂ ಕಡೆಯವರು ನನ್ನನ್ನು ಕೇಳುತ್ತಾರೆ. ಪ್ರಶ್ನೆಗಳು ಬೇರೆ ಬೇರೆ, ಗೊಂದಲ ಮಾತ್ರ ಒಂದೇ. ಹಿಮಾಲಯದ ಕೀಡಾ ಜಡಿ ಒಂದು ಜೀವಿ. ಬಾಟಲಿಯಲ್ಲಿ ಬೆಳೆಯುವ ಕೇಸರಿ ಬಣ್ಣದ ಕಾರ್ಡಿಸೆಪ್ಸ್ ಇನ್ನೊಂದು ಜೀವಿ. ಒಂದರ ಕಥೆ, ಒಂದರ ಬೆಲೆಯನ್ನು ಇನ್ನೊಂದಕ್ಕೆ ಅಂಟಿಸಿ ಮಾರಾಟ ನಡೆಯುತ್ತಿದೆ. ಇದು ನನಗೆ ನಿಜವಾಗಿಯೂ ಬೇಸರ ತರುತ್ತದೆ. ಯಾಕೆಂದರೆ ಈ ಎರಡೂ ಅಣಬೆಗಳ ನಿಜವಾದ ವಿಷಯವೇ ಬೇಕಾದಷ್ಟು ಸ್ವಾರಸ್ಯವಾಗಿದೆ, ಅದರ ಮೇಲೆ ಸುಳ್ಳು ಸೇರಿಸುವ ಅಗತ್ಯವೇ ಇಲ್ಲ.

ಮೊದಲು ಕೀಡಾ ಜಡಿ. ವಿಜ್ಞಾನದಲ್ಲಿ ಇದರ ಹೆಸರು ಒಫಿಯೊಕಾರ್ಡಿಸೆಪ್ಸ್ ಸೈನೆನ್ಸಿಸ್. ಉತ್ತರಾಖಂಡದವರು ಕೀಡಾ ಜಡಿ ಎನ್ನುತ್ತಾರೆ, ನೇಪಾಳದವರು ಯಾರ್ಸಾಗುಂಬಾ. ಸಮುದ್ರಮಟ್ಟದಿಂದ ಸುಮಾರು 3,000ದಿಂದ 5,000 ಮೀಟರ್ ಎತ್ತರದ ಹುಲ್ಲುಗಾವಲುಗಳಲ್ಲಿ ಮಾತ್ರ ಸಿಗುತ್ತದೆ. ನಮ್ಮ ದೇಶದಲ್ಲಿ ಪಿಥೋರಾಗಢ, ಚಮೋಲಿ, ಬಾಗೇಶ್ವರ ಜಿಲ್ಲೆಗಳ ಇಂಥ ಹುಲ್ಲುಗಾವಲುಗಳು, ಅಂದರೆ ಅಲ್ಲಿನವರು ಹೇಳುವ ಬುಗ್ಯಾಲ್‌ಗಳು, ಸಿಕ್ಕಿಂ, ಅರುಣಾಚಲ. ಆಚೆ ನೇಪಾಳ, ಭೂತಾನ್, ಟಿಬೆಟ್.

ಆ ಎತ್ತರದಲ್ಲಿ ಒಂದು ಬಗೆಯ ಪತಂಗ ಇದೆ. ಅದರ ಮರಿಹುಳ ಮಣ್ಣಿನೊಳಗೆ ಗಿಡಗಳ ಬೇರು ತಿನ್ನುತ್ತಾ ವರ್ಷಗಟ್ಟಲೆ ಬದುಕುತ್ತದೆ. ಈ ಅಣಬೆಯ ಬೀಜದಂಥ ಸೂಕ್ಷ್ಮ ಕಣ ಹುಳಕ್ಕೆ ತಗುಲಿದರೆ, ಒಳಗೆ ಸಣ್ಣ ಸಣ್ಣ ಎಳೆಗಳಾಗಿ ಬೆಳೆಯುತ್ತಾ ಹುಳವನ್ನು ಒಳಗಿನಿಂದಲೇ ತಿನ್ನುತ್ತಾ ಬರುತ್ತದೆ. ಹುಳ ಸಾಯುವ ಹೊತ್ತಿಗೆ ಮಣ್ಣಿನ ಮೇಲ್ಪದರಕ್ಕೆ ಬಂದು, ತಲೆ ಮೇಲಾಗಿ ನಿಂತಿರುತ್ತದೆ. ಚಳಿಗಾಲ ಕಳೆಯುವಷ್ಟರಲ್ಲಿ ಹುಳದ್ದು ಅಂತ ಉಳಿಯುವುದು ಹೊರಚರ್ಮ ಮಾತ್ರ, ಒಳಗೆಲ್ಲ ಅಣಬೆಯ ಎಳೆಗಳೇ ಒತ್ತಾಗಿ ತುಂಬಿಕೊಂಡಿರುತ್ತವೆ. ಹಿಮ ಕರಗಿದ ಮೇಲೆ ಹುಳದ ತಲೆಯಿಂದಲೇ ಒಂದು ಕಪ್ಪು ಕಂದು ಕಡ್ಡಿ ಮೇಲೆದ್ದು ಮಣ್ಣಿನಿಂದ ಕೆಲವೇ ಸೆಂಟಿಮೀಟರ್ ಹೊರಗೆ ಕಾಣುತ್ತದೆ. ಅದೇ ಅಣಬೆ.

ಒಣಗಿದ ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದರೆ ಕೆಳಗಿನ ಅರ್ಧ ಪೂರ್ತಿ ಹುಳವೇ. ಹಳದಿ ಮಿಶ್ರಿತ ಕಂದು ಮೈ, ಮೈತುಂಬ ಬಳೆಬಳೆಯಾದ ಗೆರೆ, ಹೊಟ್ಟೆಯ ಕಡೆ ಸಾಲಾಗಿ ಪುಟ್ಟ ಕಾಲುಗಳು, ನಡುವಿನ ನಾಲ್ಕು ಜೊತೆ ಸ್ವಲ್ಪ ದಪ್ಪ. ಮೇಲಿನ ಅರ್ಧ ಕಡ್ಡಿ. ಮುರಿದರೆ ಒಳಗೆ ಬೆಳ್ಳಗೆ ಇರುತ್ತದೆ. ಇಡೀ ವಸ್ತುವಿನ ತೂಕ ಅರ್ಧ ಗ್ರಾಂ ಕೂಡ ಆಗುವುದು ಕಷ್ಟ. ಒಂದು ಕಿಲೋ ಆಗಬೇಕಾದರೆ ಇಂಥವು ಸಾವಿರಾರು ಬೇಕು. ಮೇ, ಜೂನ್ ತಿಂಗಳಲ್ಲಿ ಊರಿಗೆ ಊರೇ, ಮಕ್ಕಳು ಮರಿ ಸಮೇತ, ಮೇಲೆ ಹೋಗಿ ಟೆಂಟ್ ಹಾಕಿ, ಥಂಡಿಯಲ್ಲಿ ಹುಲ್ಲಿನ ಮೇಲೆ ಮೊಣಕೈ ಊರಿ ತೆವಳುತ್ತಾ ಈ ಕಡ್ಡಿ ಹುಡುಕುತ್ತಾರೆ. ಕಣ್ಣಿಗೆ ಬೀಳುವುದೇ ಕಷ್ಟ, ಸುತ್ತ ಹುಲ್ಲಿನ ಒಣ ಕಡ್ಡಿಗಳೆಲ್ಲ ಹಾಗೇ ಇರುತ್ತವೆ.

ಇನ್ನು ಸಂಪ್ರದಾಯದ ಮಾತು. ಇದನ್ನು "ಆಯುರ್ವೇದದ ಐದು ಸಾವಿರ ವರ್ಷದ ಗುಟ್ಟು" ಅಂತ ಮಾರುವವರಿದ್ದಾರೆ. ಅದು ಸರಿಯಲ್ಲ. ಇದು ಟಿಬೆಟಿನ ಔಷಧ, ಆಮೇಲೆ ಚೀನಾದ ಔಷಧ. ಟಿಬೆಟಿನ ವೈದ್ಯ ಜುರ್ಖರ್ ನ್ಯಾಮ್ನಿ ದೋರ್ಜೆ 15ನೇ ಶತಮಾನದಲ್ಲಿ ಇದರ ಬಗ್ಗೆ ಬರೆದಿದ್ದಾರೆ, ನಮಗೆ ಗೊತ್ತಿರುವ ಹಳೆಯ ಬರಹ ಅದು. ಮುಖ್ಯವಾಗಿ ಶಕ್ತಿ ಕೊಡುವ, ಪುರುಷತ್ವ ಹೆಚ್ಚಿಸುವ ಔಷಧ ಅಂತ. ಚೀನಾದ ವೈದ್ಯ ಪುಸ್ತಕಗಳಲ್ಲಿ 17ನೇ ಶತಮಾನದ ಕೊನೆಗೆ ಬರುತ್ತದೆ, ಅಲ್ಲಿ ಶ್ವಾಸಕೋಶ ಮತ್ತು ಕಿಡ್ನಿಗೆ ಅಂತ ಕೊಡುತ್ತಾರೆ. ಬಾತುಕೋಳಿಯ ಜೊತೆ ಬೇಯಿಸಿ ಸೂಪ್ ಮಾಡಿ, ಕಾಯಿಲೆಯಿಂದ ಎದ್ದವರಿಗೆ ಕುಡಿಸುವುದು ಅಲ್ಲಿನ ರೂಢಿ. ಸಿಕ್ಕಿಮಿನ ನಾಟಿ ವೈದ್ಯರೂ ಬಳಸುತ್ತಾರೆ. ನಮ್ಮ ಚರಕ, ಸುಶ್ರುತರ ಔಷಧಿ ಇದಲ್ಲ. ಹಾಗಂತ ಇದರ ಬೆಲೆ ಕಡಿಮೆ ಆಗುವುದಿಲ್ಲ. ಯಾರ ತಿಳಿವಳಿಕೆಯೋ ಅವರ ಹೆಸರು ಹೇಳಬೇಕು, ಅಷ್ಟೇ ಅಲ್ವಾ?

ಅಣಬೆ ಮದ್ದು ನಮ್ಮ ಕಡೆ ಇಲ್ಲವೇ ಇಲ್ಲ ಅಂತಲೂ ಅಲ್ಲ. ಪುಣೆಯ ಪೇಠೆಗಳಲ್ಲಿ ಬೇರು, ತೊಗಟೆ, ಕಾಷ್ಠೌಷಧಿ ಮಾರುವ ಹಳೆಯ ಅಂಗಡಿಗಳಲ್ಲಿ ಫಣಸಂಬಾ ಕೇಳಿ. ಹಲಸಿನ ಮರದ ಕಾಂಡದ ಮೇಲೆ ಬೆಳೆಯುವ ಕಟ್ಟಿಗೆಯಷ್ಟು ಗಟ್ಟಿಯಾದ ಅಣಬೆ ಅದು, ಫೆಲಿನಸ್ ಎನ್ನುವ ಗುಂಪಿನದು. ಕೊಂಕಣದಲ್ಲಿ, ಪಶ್ಚಿಮ ಮಹಾರಾಷ್ಟ್ರದಲ್ಲಿ ಅಜ್ಜಿಯಂದಿರು ಇದನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದು, ಜೊಲ್ಲು ಜಾಸ್ತಿ ಸುರಿಸುವ, ಬಾಯಿಹುಣ್ಣಾದ ಕೂಸುಗಳ ಒಸಡಿಗೆ ಹಚ್ಚುತ್ತಿದ್ದರು. ಪುಣೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರು ಇದನ್ನು ಬರೆದಿಟ್ಟಿದ್ದಾರೆ. ಇಲ್ಲೇ ಕೈಗೆ ಸಿಗುವ ಇಂಥ ಅಣಬೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ನೋಡದೇ ಇರುವ ಹಿಮಾಲಯದ ಹುಳದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ.

ಕೀಡಾ ಜಡಿಗೆ ಜಗತ್ತಿನ ತುಂಬ ಹೆಸರು ಬಂದಿದ್ದು 1993ರಲ್ಲಿ. ಆ ವರ್ಷ ಬೀಜಿಂಗ್‌ನಲ್ಲಿ ಚೀನಾದ ಓಟಗಾರ್ತಿ ವಾಂಗ್ ಜುನ್‌ಶಿಯಾ 10,000 ಮೀಟರ್ ಓಟವನ್ನು 29 ನಿಮಿಷ 31.78 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಹಳೆಯ ದಾಖಲೆಗಿಂತ 40 ಸೆಕೆಂಡಿಗೂ ಜಾಸ್ತಿ ಕಡಿಮೆ. ಕೋಚ್ ಮಾ ಜುನ್‌ರೆನ್, ಇದಕ್ಕೆ ಕಾರಣ ಕಠಿಣ ತರಬೇತಿ, ಆಮೆಯ ರಕ್ತ ಮತ್ತು ಈ ಅಣಬೆ ಅಂದರು. ಈಗಲೂ ಎಷ್ಟೋ ಡಬ್ಬಿಗಳ ಮೇಲೆ ಈ ಓಟದ ಕಥೆ ಇರುತ್ತದೆ. ಅದರ ಮುಂದಿನ ಭಾಗ ಮಾತ್ರ ಇರುವುದಿಲ್ಲ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚೆ ಮಾ ಅವರ ಆರು ಓಟಗಾರ್ತಿಯರು ರಕ್ತ ಪರೀಕ್ಷೆಯ ಕಾರಣಕ್ಕೆ ತಂಡದಿಂದ ಹೊರಬಿದ್ದರು. 2016ರಲ್ಲಿ, ವಾಂಗ್ ಮತ್ತು ಜೊತೆಯವರು ಬಹಳ ವರ್ಷ ಹಿಂದೆ ಬರೆದಿದ್ದ ಪತ್ರವೊಂದು ಚೀನಾದ ಮಾಧ್ಯಮಗಳಲ್ಲಿ ಬಂತು. ನಮ್ಮ ಕೈಯಲ್ಲಿ ನಿಷೇಧಿತ ಔಷಧಿ ತಿನ್ನಿಸಿದರು ಅಂತ ಅದರಲ್ಲಿ ಇತ್ತು.

ಅಷ್ಟರಲ್ಲಿ ಬೇಡಿಕೆ ಏರಿಬಿಟ್ಟಿತ್ತು. ಕಿಲೋಗೆ ಲಕ್ಷಗಟ್ಟಲೆ ರೂಪಾಯಿ. ಬೇರೆ ಬೆಳೆಯೇ ಇಲ್ಲದ ಬೆಟ್ಟದ ಊರುಗಳಿಗೆ ವರ್ಷದ ಆದಾಯ ಎರಡು ತಿಂಗಳಲ್ಲಿ ಬರತೊಡಗಿತು, ಅದರ ಜೊತೆ ಜಗಳವೂ ಬಂತು. ನೇಪಾಳದ ಮನಾಂಗ್ ಜಿಲ್ಲೆಯ ನಾರ್ ಎನ್ನುವ ಊರಿನಲ್ಲಿ 2009ರಲ್ಲಿ, ಹೊರಗಿನಿಂದ ಅಣಬೆ ಕೀಳಲು ಬಂದ ಏಳು ಜನರನ್ನು ಕೊಂದರು. ಈ ಅಣಬೆಯ ಬೆಲೆ ಹೇಳುವವರು ಇದನ್ನೂ ಹೇಳಬೇಕು. ಎಲ್ಲರೂ ಕಿತ್ತರೆ, ಕಣ ಉದುರಿಸುವ ಮೊದಲೇ ಕಿತ್ತರೆ, ಮುಂದಿನ ವರ್ಷಕ್ಕೆ ಹುಳಕ್ಕೆ ತಗುಲಲು ಏನು ಉಳಿಯುತ್ತದೆ? ಜೊತೆಗೆ ಹವಾಮಾನ ಬಿಸಿಯಾಗುತ್ತಿದೆ, ಈ ಅಣಬೆಗೋ ಕಡು ಚಳಿಗಾಲ ಬೇಕು. ಕೀಳುವುದು ಮತ್ತು ಹವಾಮಾನ ಬಿಸಿಯಾಗುವುದು ಎರಡೂ ಸೇರಿ ಇಳುವರಿ ಕಡಿಮೆ ಮಾಡುತ್ತಿವೆ ಅಂತ 2018ರ ಒಂದು ದೊಡ್ಡ ಅಧ್ಯಯನ ತೋರಿಸಿತು. 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಅಂದರೆ ಐಯುಸಿಎನ್, ಇದನ್ನು ಅಪಾಯದಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು.

ಹಾಗಾದರೆ ಬೆಳೆಯಬಹುದಲ್ಲ? ಇದನ್ನೇ ಎಲ್ಲರೂ ಕೇಳುತ್ತಾರೆ. ಕೀಡಾ ಜಡಿಯನ್ನು ಬೆಳೆಯುವುದು ಬಹಳ ಕಷ್ಟ. ಮೊದಲು ಆ ಪತಂಗದ ಹುಳವನ್ನು ಸಾಕಬೇಕು, ಬೆಟ್ಟದ ಥಂಡಿ ಕೊಡಬೇಕು, ಅಣಬೆ ತಗುಲಿಸಬೇಕು, ತಿಂಗಳುಗಟ್ಟಲೆ ಕಾಯಬೇಕು. ದಶಕಗಳ ಪ್ರಯತ್ನದ ಮೇಲೆ ಚೀನಾದಲ್ಲಿ ಕಾರ್ಖಾನೆ ಮಟ್ಟದಲ್ಲಿ ಇದು ಸಾಧ್ಯವಾಗಿದೆ, ಆದರೆ ಅದು ಮನೆಯ ರೂಮಿನಲ್ಲಿ ಆಗುವ ಕೆಲಸ ಖಂಡಿತ ಅಲ್ಲ. ಅದಕ್ಕೂ ಮೊದಲು, 1980ರ ದಶಕದಲ್ಲೇ, ಅವರು ಇನ್ನೊಂದು ದಾರಿ ಹಿಡಿದಿದ್ದರು. ಕೀಡಾ ಜಡಿಯಿಂದ ಬೇರ್ಪಡಿಸಿದ ಶಿಲೀಂಧ್ರಗಳನ್ನು ದೊಡ್ಡ ಟ್ಯಾಂಕುಗಳಲ್ಲಿ ದ್ರವದಲ್ಲಿ ಬೆಳೆಸಿ, ಒಣಗಿಸಿ, ಕ್ಯಾಪ್ಸೂಲ್ ಮಾಡುವುದು. ಅಲ್ಲಿನ ಆಸ್ಪತ್ರೆಗಳಲ್ಲಿ ಕೊಡುವುದು ಹೆಚ್ಚಾಗಿ ಇದೇ. ಅದರಲ್ಲಿ ಹುಳವೂ ಇಲ್ಲ, ಕಡ್ಡಿಯೂ ಇಲ್ಲ.

ಈಗ ನಮ್ಮ ಬಾಟಲಿಗೆ ಬರೋಣ. ಪುಣೆಯಲ್ಲಿ, ಬೆಂಗಳೂರಿನಲ್ಲಿ, ಡೆಹ್ರಾಡೂನ್‌ನಲ್ಲಿ ರೂಮುಗಳಲ್ಲಿ ಬೆಳೆಯುವುದು ಕಾರ್ಡಿಸೆಪ್ಸ್ ಮಿಲಿಟಾರಿಸ್. ಇದು ಹಿಮಾಲಯಕ್ಕೇ ಸೀಮಿತವಲ್ಲ, ಯುರೋಪಿನ ಬಯಲಿನಲ್ಲೂ ಕಾಡಿನಲ್ಲೂ ಸಿಗುತ್ತದೆ. 1753ರಲ್ಲೇ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇದಕ್ಕೆ ಹೆಸರು ಕೊಟ್ಟಿದ್ದಾರೆ. ಇದೂ ಹುಳದ ಮೇಲೆ, ಹೆಚ್ಚಾಗಿ ಪತಂಗದ ಗೂಡುಹುಳದ ಮೇಲೆ ಬೆಳೆಯುವ ಅಣಬೆಯೇ. ಆದರೆ ಬದುಕಲು ಹುಳವೇ ಬೇಕು ಎನ್ನುವ ಹಟ ಇದಕ್ಕಿಲ್ಲ. ಅಕ್ಕಿಯ ಮೇಲೂ ಬೆಳೆಯುತ್ತದೆ. ಹಿಂದೆ ಎರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದರು. ಡಿಎನ್‌ಎ ನೋಡಿದ ಮೇಲೆ 2007ರಲ್ಲಿ ಕೀಡಾ ಜಡಿಯನ್ನು ಬೇರೆ ಕುಲಕ್ಕೆ, ಬೇರೆ ಕುಟುಂಬಕ್ಕೇ ಹಾಕಿದರು.

ಇಲ್ಲಿ ಒಂದು ಸಂಗತಿ ಇದೆ, ಮಾರುವವರಲ್ಲಿ ಬಹಳ ಜನ ಇದನ್ನು ತಲೆಕೆಳಗು ಮಾಡಿ ಹೇಳುತ್ತಾರೆ. ಕಾರ್ಡಿಸೆಪ್ಸ್‌ನ ಹೆಸರಾಂತ ರಾಸಾಯನಿಕ ಕಾರ್ಡಿಸೆಪಿನ್. ಅದನ್ನು 1950ರಲ್ಲಿ ಮೊದಲು ಬೇರ್ಪಡಿಸಿದ್ದು ಈ ಮಿಲಿಟಾರಿಸ್‌ನಿಂದ. ಲಕ್ಷಗಟ್ಟಲೆ ಬೆಲೆಯ ಕೀಡಾ ಜಡಿಯಲ್ಲಿ ಕಾರ್ಡಿಸೆಪಿನ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 2017ರಲ್ಲಿ ಶಾಂಘೈನ ವಿಜ್ಞಾನಿಗಳು ಕಾರ್ಡಿಸೆಪಿನ್ ತಯಾರಿಸುವ ಜೀನ್‌ಗಳು ಯಾವುವು ಅಂತ ಮಿಲಿಟಾರಿಸ್‌ನಲ್ಲಿ ಪತ್ತೆ ಮಾಡಿದರು, ಕೀಡಾ ಜಡಿಯಲ್ಲಿ ಆ ಜೀನ್‌ಗಳ ಗುಂಪೇ ಇರಲಿಲ್ಲ. ಅಂದರೆ "ಇದರಲ್ಲಿ ಕಾರ್ಡಿಸೆಪಿನ್ ಇದೆ, ಇದೇ ಹಿಮಾಲಯದ ಕೀಡಾ ಜಡಿ" ಅಂತ ಒಂದೇ ಉಸಿರಿನಲ್ಲಿ ಯಾರಾದರೂ ಹೇಳಿದರೆ ಎರಡರಲ್ಲಿ ಒಂದು ಸುಳ್ಳು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಹೊರಬಂತು, ನನಗೆ ಅದು ಇನ್ನೂ ಸೋಜಿಗ. ಕಾರ್ಡಿಸೆಪಿನ್ ನೋಡಲು ನಮ್ಮ ಜೀವಕೋಶದಲ್ಲೇ ಇರುವ ಅಡೆನೊಸಿನ್ ತರಹ ಇದೆ, ಒಂದು ಆಮ್ಲಜನಕದ ಪರಮಾಣು ಮಾತ್ರ ಇಲ್ಲ. ಜೀವಕೋಶ ಆರ್‌ಎನ್‌ಎ ಸರಪಳಿ ಕಟ್ಟುವಾಗ ಇದನ್ನು ಅಡೆನೊಸಿನ್ ಅಂತಲೇ ತಿಳಿದು ಸೇರಿಸಿಕೊಂಡುಬಿಡುತ್ತದೆ. ಆದರೆ ಮುಂದಿನ ಕೊಂಡಿ ಸಿಕ್ಕಿಸಲು ಜಾಗ ಇಲ್ಲ, ಸರಪಳಿ ಅಲ್ಲೇ ನಿಲ್ಲುತ್ತದೆ. ಕ್ಯಾನ್ಸರ್ ಸಂಶೋಧಕರಿಗೆ ಇದರ ಮೇಲೆ ಆಸಕ್ತಿ ಬಂದಿದ್ದು ಇದಕ್ಕೇ. ತೊಂದರೆ ಏನು ಅಂದರೆ, ನಮ್ಮ ರಕ್ತದಲ್ಲಿರುವ ಒಂದು ಕಿಣ್ವ ಕಾರ್ಡಿಸೆಪಿನ್ನನ್ನು ಕೆಲವೇ ನಿಮಿಷಗಳಲ್ಲಿ ಒಡೆದು ಹಾಕುತ್ತದೆ. ಅಣಬೆಯ ಒಳಗೂ ಇಂಥದೇ ತೊಂದರೆ. ಅದಕ್ಕೆ ಅಣಬೆ ಏನು ಮಾಡುತ್ತದೆ ಗೊತ್ತಾ? ಜೊತೆಗೆ ಪೆಂಟೊಸ್ಟಾಟಿನ್ ಎನ್ನುವ ಇನ್ನೊಂದು ವಸ್ತುವನ್ನೂ ತಯಾರಿಸಿ, ಆ ಕಿಣ್ವವನ್ನು ತಡೆದು ಕಾರ್ಡಿಸೆಪಿನ್ನನ್ನು ಉಳಿಸಿಕೊಳ್ಳುತ್ತದೆ. ಪೆಂಟೊಸ್ಟಾಟಿನ್ ಒಂದು ಅಪರೂಪದ ರಕ್ತ ಕ್ಯಾನ್ಸರಿಗೆ ಡಾಕ್ಟರು ಕೊಡುವ ಔಷಧಿಯೂ ಹೌದು. ಅದಕ್ಕೆ ಅಡ್ಡ ಪರಿಣಾಮಗಳೂ ಇವೆ. ಆದ್ದರಿಂದ "ನೈಸರ್ಗಿಕ, ಎಷ್ಟು ತಿಂದರೂ ಏನೂ ಆಗುವುದಿಲ್ಲ" ಎನ್ನುವ ಮಾತು ಈ ಅಣಬೆಗೆ ಹೊಂದುವುದಿಲ್ಲ.

ಬೆಳೆಯುವ ಬಗೆ ಹೀಗೆ. ಗಾಜಿನ ಅಥವಾ ಶಾಖ ತಡೆಯುವ ಪ್ಲಾಸ್ಟಿಕ್ ಬಾಟಲಿಗೆ ಒಂದು ಹಿಡಿ ಕಂದು ಅಕ್ಕಿ, ಅಂದರೆ ಪಾಲಿಶ್ ಮಾಡದ ಅಕ್ಕಿ. ಅದರ ಮೇಲೆ ಪೋಷಕ ನೀರು: ಸಕ್ಕರೆ, ಪೆಪ್ಟೋನ್ (ಒಡೆದ ಪ್ರೋಟೀನ್), ಯೀಸ್ಟ್ ಸಾರ, ಸ್ವಲ್ಪ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣ, ವಿಟಮಿನ್ ಬಿ1. ಮುಚ್ಚಳ ಹಾಕಿ, ದೊಡ್ಡ ಪ್ರೆಶರ್ ಕುಕ್ಕರಿನಂಥ ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್‌ಗೆ ಬೇಯಿಸಬೇಕು. ಅಕ್ಕಿಯೂ ಬೇಯುತ್ತದೆ, ಬೇರೆ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಆರಿದ ಮೇಲೆ, ಶುದ್ಧ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಮುಂದೆ ಕೂತು, ಮೊದಲೇ ದ್ರವದಲ್ಲಿ ಬೆಳೆಸಿಟ್ಟ ಕಲ್ಚರನ್ನು, ಅಂದರೆ ಅಣಬೆಯ ಜೀವಂತ ಎಳೆಗಳನ್ನು, ಒಂದೊಂದು ಬಾಟಲಿಗೂ ಹಾಕಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಮುಂದಿನದೆಲ್ಲ ಹೆಪ್ಪು ಎಷ್ಟು ಚೆನ್ನಾಗಿದೆ ಎನ್ನುವುದರ ಮೇಲೆ ನಿಂತಿದೆ.

ಆಮೇಲೆ ಒಂದೆರಡು ವಾರ ಕತ್ತಲು. ಬಿಳಿ ಎಳೆಗಳು ಅಕ್ಕಿಯ ಮೇಲೆ ಪೂರ್ತಿ ಹರಡಿಕೊಳ್ಳುತ್ತವೆ. ಆಗ ಬೆಳಕು ಕೊಡಬೇಕು, ದಿನಕ್ಕೆ ಸುಮಾರು 12 ಗಂಟೆ. ಬೆಳಕು ಬಿದ್ದ ಕೂಡಲೇ ಬಿಳಿ ಹೊದಿಕೆಗೆ ಹಳದಿ ಬರುತ್ತದೆ, ಆಮೇಲೆ ಕೇಸರಿ. ಅದು ಕೆರೊಟಿನಾಯ್ಡ್ ಬಣ್ಣ, ಬೆಳಕು ಇಲ್ಲದಿದ್ದರೆ ಮೂಡುವುದೇ ಇಲ್ಲ. ನಮ್ಮ ಬಡಾವಣೆಯ ಹತ್ತಿರ ಬೆಳೆಯುವವರೊಬ್ಬರ ರೂಮಿನಲ್ಲಿ ನಾನು ಈ ಹಂತದ ಬಾಟಲಿಗಳನ್ನು ನೋಡಿದೆ. ಹೊರಗೆ ಏಪ್ರಿಲ್ ಬಿಸಿಲು, ಒಳಗೆ ಸ್ವೆಟರ್ ಬೇಕು ಎನ್ನುವಷ್ಟು ತಂಪು. ಬಾಟಲಿಯ ಗಾಜಿನ ಒಳಗೆ ನೀರಿನ ಹನಿ ಕಟ್ಟಿತ್ತು. ಅಕ್ಕಿಯ ಮೇಲೆ ಗುಂಡುಸೂಜಿಯ ತಲೆಯಷ್ಟು ಕೇಸರಿ ಗುಳ್ಳೆಗಳು, ಪಕ್ಕದ ಸಾಲಿನಲ್ಲಿ ಒಂದು ತಿಂಗಳು ಮುಂದಿರುವ ಬಾಟಲಿಗಳಲ್ಲಿ ಅವೇ ಬೆರಳುದ್ದ ಕಡ್ಡಿಗಳಾಗಿ ಒತ್ತೊತ್ತಾಗಿ ಎದ್ದು, ತುದಿಗಳು ಸ್ವಲ್ಪ ದಪ್ಪಗಾಗಿ, ಎಲ್ಲ ಬಲ್ಬಿನ ಕಡೆಗೇ ವಾಲಿದ್ದವು. ಕೆಳಗಿನ ರ‍್ಯಾಕಿನ ಮೂಲೆಯಲ್ಲಿ ಎರಡು ಬಾಟಲಿ ಹಸಿರಾಗಿದ್ದವು, ಬೇರೆ ಬೂಷ್ಟು ಸೇರಿಬಿಟ್ಟಿದೆ ಎಂದು ಅರ್ಥ. ಅವುಗಳನ್ನು ಮುಚ್ಚಳ ತೆಗೆಯದೇ ಹಾಗೇ ಮತ್ತೆ ಆಟೊಕ್ಲೇವ್‌ಗೆ ಹಾಕಿ ಎಸೆಯಬೇಕು. ರೂಮಿನಲ್ಲಿ ತೆಗೆದರೆ ಉಳಿದವೂ ಕೆಡುತ್ತವೆ.

ಉಷ್ಣತೆ 18ರಿಂದ 22 ಡಿಗ್ರಿ, ಗಾಳಿಯ ತೇವ 80ರಿಂದ 90 ಶೇಕಡಾ. ಒಟ್ಟು 45ರಿಂದ 60 ದಿನದಲ್ಲಿ ಕೊಯ್ಲು. ಕತ್ತರಿಸಿ, ಕಡಿಮೆ ಶಾಖದಲ್ಲಿ ಒಣಗಿಸಿದರೆ ಒಂದು ಬಾಟಲಿಯಿಂದ ಸಿಗುವುದು ಕೆಲವೇ ಗ್ರಾಂ. ಒಂದು ಕಿಲೋ ಒಣ ಅಣಬೆಗೆ ನೂರಾರು ಬಾಟಲಿ ಬೇಕು. ಪುಣೆಯ ಬೇಸಿಗೆಯಲ್ಲಿ, ಅಥವಾ ನಮ್ಮ ವಿಜಯಪುರ, ಕಲಬುರಗಿಯ ಬೇಸಿಗೆಯಲ್ಲಿ, ಎರಡು ತಿಂಗಳು ಹಗಲು ರಾತ್ರಿ ರೂಮನ್ನು 20 ಡಿಗ್ರಿಯಲ್ಲಿ ಇಡುವುದು ಅಂದರೆ ಕರೆಂಟ್ ಬಿಲ್ ಎಷ್ಟು, ಕರೆಂಟ್ ಹೋದರೆ ಗತಿ ಏನು, ಇದನ್ನು ಮೊದಲು ಲೆಕ್ಕ ಹಾಕಿ. ಮಳೆಗಾಲದಲ್ಲಿ ಇನ್ನೊಂದು ಕಷ್ಟ, ಗಾಳಿಯ ತುಂಬ ಬೂಷ್ಟಿನ ಕಣ.

ತರಬೇತಿ ಕೊಡುವವರು ಬೇಗ ದಾಟಿಬಿಡುವ ವಿಷಯ ಒಂದಿದೆ. ಅದು ಕಲ್ಚರ್ ದುರ್ಬಲವಾಗುವುದು. ಒಂದೇ ಕಲ್ಚರನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ, ಅದರಿಂದ ಮತ್ತೊಂದಕ್ಕೆ ಅಂತ ದಾಟಿಸುತ್ತಾ ಹೋದರೆ, ಕೆಲವು ಸಲ ದಾಟಿಸಿದ ಮೇಲೆ ಮಿಲಿಟಾರಿಸ್ ಅಣಬೆ ಕೊಡುವುದನ್ನೇ ನಿಲ್ಲಿಸುತ್ತದೆ. ಬಿಳಿ ಎಳೆ ಚೆನ್ನಾಗಿ ಬರುತ್ತದೆ, ಕೇಸರಿ ಬರುವುದಿಲ್ಲ, ಕಡ್ಡಿ ಏಳುವುದಿಲ್ಲ. ನೋಡಲು ಆರೋಗ್ಯವಾಗಿಯೇ ಇರುತ್ತದೆ, ಅದಕ್ಕೇ ಹೊಸಬರಿಗೆ ಗೊತ್ತಾಗುವಷ್ಟರಲ್ಲಿ ಎರಡು ತಿಂಗಳು ಹೋಗಿರುತ್ತದೆ. ಇದಕ್ಕೆ ಕಾರಣಗಳು ಹಲವು. ಒಂದು, ಈ ಶಿಲೀಂಧ್ರದಲ್ಲಿ ಎರಡು ಕೂಡುವ ಬಗೆಗಳಿವೆ, ಗಂಡು ಹೆಣ್ಣು ಅಂತಲ್ಲ, ಆದರೆ ಸರಿಯಾಗಿ ಬಲಿತ ಅಣಬೆಗೆ ಸಾಮಾನ್ಯವಾಗಿ ಎರಡೂ ಬೇಕು. ದಾಟಿಸುವಾಗ ಒಂದು ಕಳೆದುಹೋಗಬಹುದು. ಇನ್ನೊಂದು, ಸುಲಭದ ಊಟ ಸಿಕ್ಕಿ ಬೇಗ ಬೆಳೆಯುವ ಎಳೆಗಳೇ ಪ್ರತಿ ಸಲವೂ ಮುಂದಕ್ಕೆ ಹೋಗುತ್ತವೆ, ಅಣಬೆ ಕೊಡುವ ಎಳೆಗಳು ಹಿಂದೆ ಉಳಿಯುತ್ತವೆ. ಆದ್ದರಿಂದ ಕಲ್ಚರ್ ಎಲ್ಲಿಂದ ಬಂತು, ಎಷ್ಟನೇ ದಾಟಿಕೆ ಅಂತ ಕೇಳದೆ ದುಡ್ಡು ಕೊಡಬೇಡಿ. ಹಿಮಾಚಲದ ಸೋಲನ್‌ನಲ್ಲಿರುವ ಕೇಂದ್ರ ಸರ್ಕಾರದ ಅಣಬೆ ಸಂಶೋಧನಾ ನಿರ್ದೇಶನಾಲಯ ಅಣಬೆ ಕಲ್ಚರ್ ಮತ್ತು ತರಬೇತಿ ಎರಡನ್ನೂ ಕೊಡುತ್ತದೆ. ಪುಣೆಯವರಿಗೆ ಇನ್ನೊಂದು ಅನುಕೂಲ ಇದೆ: ದೇಶದ ಶಿಲೀಂಧ್ರ ಸಂಗ್ರಹವೇ ನಮ್ಮ ಊರಿನಲ್ಲಿದೆ, ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ. ಸಾವಿರಾರು ಶಿಲೀಂಧ್ರಗಳನ್ನು ಅಲ್ಲಿ ಜೀವಂತವಾಗಿ ಕಾಪಾಡಿ ಇಟ್ಟಿದ್ದಾರೆ. ಅಣಬೆ ಕೃಷಿಯನ್ನೇ ಮೊದಲ ಸಲ ಮಾಡುವವರು ನೇರವಾಗಿ ಕಾರ್ಡಿಸೆಪ್ಸ್‌ಗೆ ಇಳಿಯುವ ಬದಲು, ಶಿವಾಜಿನಗರದ ಕೃಷಿ ಕಾಲೇಜಿನ ಅಣಬೆ ವಿಭಾಗದಲ್ಲಿ ಚಿಪ್ಪು ಅಣಬೆ ಕಲಿತು ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದಕ್ಕೆ ಹುಲ್ಲು ಸಾಕು, ಮಾರುಕಟ್ಟೆಯೂ ಹತ್ತಿರದಲ್ಲೇ ಇದೆ.

ಸಸ್ಯಾಹಾರಿಗಳು ಒಂದು ಮಾತು ಕೇಳಿಯೇ ಕೊಳ್ಳಿ. ಪೋಷಕ ನೀರಿಗೆ ರೇಷ್ಮೆ ಗೂಡುಹುಳದ ಪುಡಿ ಅಥವಾ ಮೊಟ್ಟೆ ಸೇರಿಸುವವರಿದ್ದಾರೆ. ಪೆಪ್ಟೋನ್ ಕೂಡ ಕೆಲವು ಸಲ ಮಾಂಸದಿಂದ ಮಾಡಿದ್ದಾಗಿರುತ್ತದೆ. ಚೀನಾ, ಕೊರಿಯಾದಲ್ಲಿ ಇಡೀ ರೇಷ್ಮೆ ಗೂಡುಹುಳದ ಮೇಲೇ ಮಿಲಿಟಾರಿಸ್ ಬೆಳೆಯುತ್ತಾರೆ. ರಾಮನಗರ, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳದ ರಾಶಿಯನ್ನು ನೆನೆದರೆ, ಕರ್ನಾಟಕದಲ್ಲಿ ಇದನ್ನು ಯಾರಾದರೂ ಗಂಭೀರವಾಗಿ ಮಾಡಬೇಕು ಅನ್ನಿಸುತ್ತದೆ.

ಸರಿ, ತಿಂದರೆ ಉಪಯೋಗ ಇದೆಯಾ? ಕೀಡಾ ಜಡಿ ಮತ್ತು ಅದರ ಹೆಸರಿನ ಚೀನೀ ಕ್ಯಾಪ್ಸೂಲ್‌ಗಳ ಬಗ್ಗೆ ಕಿಡ್ನಿ ರೋಗಿಗಳ ಮೇಲೆ ನಡೆದ 22 ಪ್ರಯೋಗಗಳನ್ನು, ಒಟ್ಟು 1,746 ಜನರ ಮಾಹಿತಿಯನ್ನು, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2014ರಲ್ಲಿ ಒಟ್ಟಿಗೆ ಪರಿಶೀಲಿಸಿತು. ಮಾಮೂಲಿ ಔಷಧಿಯ ಜೊತೆಗೆ ಕೊಟ್ಟಾಗ ಸ್ವಲ್ಪ ಅನುಕೂಲ ಕಂಡಿದೆ, ಆದರೆ ಪ್ರಯೋಗಗಳ ಗುಣಮಟ್ಟ ಕಡಿಮೆ, ಖಚಿತವಾಗಿ ಹೇಳಲಾಗದು ಅಂತ ಅವರ ತೀರ್ಮಾನ. ಗಮನಿಸಿ, ಮಾಮೂಲಿ ಔಷಧಿಯ ಜೊತೆಗೆ, ಅದರ ಬದಲಿಗೆ ಅಲ್ಲ. ಮತ್ತು ಅದು ಕೀಡಾ ಜಡಿ ಕಡೆಯದು, ಬಾಟಲಿಯ ಮಿಲಿಟಾರಿಸ್ ಅಲ್ಲ. ಮಿಲಿಟಾರಿಸ್ ಬಗ್ಗೆ ಮನುಷ್ಯರ ಮೇಲಿನ ಪ್ರಯೋಗಗಳು ಕೆಲವೇ, ಸಣ್ಣವು, ಹೆಚ್ಚಾಗಿ ಆರೋಗ್ಯವಂತರ ಮೇಲೆ. ಕ್ಯಾನ್ಸರ್ ವಿಷಯದಲ್ಲಿ ಓದಲು ಸಿಗುವುದೆಲ್ಲ ಹೆಚ್ಚುಕಡಿಮೆ ಲ್ಯಾಬಿನ ಜೀವಕೋಶಗಳ, ಇಲಿಗಳ ಮೇಲಿನದು. ಕಾರ್ಡಿಸೆಪಿನ್ ರಕ್ತದಲ್ಲಿ ಒಡೆಯದ ಹಾಗೆ ಅದರ ರಚನೆ ಬದಲಿಸಿ ಔಷಧಿ ಮಾಡುವ ಪ್ರಯತ್ನ ಬ್ರಿಟನ್ನಿನಲ್ಲಿ ನಡೆಯುತ್ತಿದೆ, ರೋಗಿಗಳ ಮೇಲಿನ ಪರೀಕ್ಷೆಯ ಹಂತಕ್ಕೂ ಬಂದಿದೆ. ಹಾಗೆ ಬದಲಿಸಬೇಕಾಯಿತು ಎನ್ನುವುದೇ, ಪುಡಿ ತಿಂದು ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವ ಮಾತನ್ನು ನಂಬಬಾರದು ಎನ್ನಲು ಸಾಕು.

ಹುಳದ ಅಣಬೆಗಳಿಂದ ದೊಡ್ಡ ಔಷಧಿ ಬಂದೇ ಇಲ್ಲ ಅಂತಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡವರ ಮನೆಯಲ್ಲಿ ಸೈಕ್ಲೊಸ್ಪೊರಿನ್ ಹೆಸರು ಗೊತ್ತಿರುತ್ತದೆ. ಅದು ಬಂದಿದ್ದು ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರದಿಂದ. ಅದೇ ಶಿಲೀಂಧ್ರ ತನ್ನ ಬದುಕಿನ ಇನ್ನೊಂದು ಹಂತದಲ್ಲಿ ದುಂಬಿಯ ಮರಿಹುಳದ ಮೇಲೆ ಬೆಳೆಯುವ ಕಾರ್ಡಿಸೆಪ್ಸ್ ಬಗೆಯ ಅಣಬೆ ಅಂತ 1990ರ ದಶಕದಲ್ಲಿ ತಿಳಿಯಿತು, ಕೀಡಾ ಜಡಿಯ ಕುಟುಂಬದ್ದೇ. ಸೈಕ್ಲೊಸ್ಪೊರಿನ್ ಮಾಡುವುದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಕೆಲಸ. ಅದಕ್ಕೇ ಕಸಿ ಮಾಡಿದ ಕಿಡ್ನಿಯನ್ನು ದೇಹ ತಳ್ಳಿ ಹಾಕುವುದಿಲ್ಲ.

ಮಾರುವವರಿಗೆ ಒಂದು ಮಾತು. ಆಹಾರವಾಗಿ ಮಾರಲು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬೇಕು. ಕ್ಯಾನ್ಸರ್, ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಅಂತ ಜಾಹೀರಾತು ಕೊಡುವುದಕ್ಕೆ 1954ರ ಕಾನೂನಿನಲ್ಲೇ ತಡೆ ಇದೆ. ಕೊಳ್ಳುವವರು ಪುಡಿಗಿಂತ ಇಡೀ ಕಡ್ಡಿಯನ್ನೇ ಕೊಳ್ಳಿ. ಪುಡಿಯಲ್ಲಿ ಅಣಬೆ ಕತ್ತರಿಸಿದ ಮೇಲೆ ಉಳಿದ ಅಕ್ಕಿಯನ್ನೂ ಅರೆದು ಸೇರಿಸಿರಬಹುದು. ಅನುಮಾನ ಬಂದರೆ, ಚಿಟಿಕೆ ಪುಡಿಯನ್ನು ನೀರಿನಲ್ಲಿ ಕುದಿಸಿ, ಆರಿಸಿ, ಔಷಧಿ ಅಂಗಡಿಯ ಅಯೋಡಿನ್ ಎರಡು ಹನಿ ಹಾಕಿ. ಕಡುನೀಲಿ, ಕಪ್ಪಾದರೆ ಅಕ್ಕಿಯ ಪಿಷ್ಟ ಇದೆ ಎಂದು ಅರ್ಥ. ಹಿಮಾಲಯದ್ದು ಅಂತ ಹುಳ ಸಮೇತ ಕೊಟ್ಟರೆ ಬೇರೆ ಎಚ್ಚರ ಬೇಕು. ಸೀಸ ಬೆರೆತದ್ದನ್ನು ತಿಂದು ವಿಷವೇರಿದ ಪ್ರಕರಣಗಳು ತೈವಾನ್‌ನಲ್ಲಿ ವರದಿಯಾಗಿವೆ, ಅದರಲ್ಲಿ ಆರ್ಸೆನಿಕ್ ಮಿತಿ ಮೀರಿದೆ ಅಂತ 2016ರಲ್ಲಿ ಚೀನಾ ಸರ್ಕಾರವೇ ಎಚ್ಚರಿಸಿತ್ತು.

ಆರೋಗ್ಯವಾಗಿರುವವರು ಮಿಲಿಟಾರಿಸ್‌ನ ಒಂದೆರಡು ಕಡ್ಡಿಯನ್ನು ಬಿಸಿನೀರಿಗೆ ಹಾಕಿ ಕುಡಿಯುವುದಕ್ಕೆ ನನ್ನ ತಕರಾರಿಲ್ಲ. ಕೇಸರಿ ಬಣ್ಣ ಬಿಡುತ್ತದೆ, ಘಮವೂ ಚೆನ್ನಾಗಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಆಪರೇಷನ್ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ಇರುವವರು, ಕೀಮೋ ನಡೆಯುತ್ತಿರುವವರು ಸುಮ್ನೆ ತಾವಾಗಿಯೇ ಶುರು ಮಾಡಬೇಡಿ. ಕಿಡ್ನಿ ಕಸಿ ಆದವರಂತೂ ಡಬ್ಬಿಯನ್ನೇ ಡಾಕ್ಟರ ಮುಂದೆ ಇಟ್ಟು ಕೇಳಿ. ಅವರ ಮಾತ್ರೆಯ ಪ್ರಮಾಣವನ್ನು ರಕ್ತ ಪರೀಕ್ಷೆ ನೋಡಿ ನೋಡಿ ಹೊಂದಿಸಿರುತ್ತಾರೆ. ಮನೆಯಲ್ಲಿ ಇನ್ನೊಂದು ಪುಡಿ ಶುರುವಾಗಿದೆ ಅಂತ ಗೊತ್ತಿಲ್ಲದಿದ್ದರೆ, ರಿಪೋರ್ಟಿನಲ್ಲಿ ಅಂಕಿ ಏರುಪೇರಾದಾಗ ಅವರು ಕಾರಣವನ್ನು ಬೇರೆಲ್ಲೋ ಹುಡುಕುತ್ತಾರೆ.